‘ಹೆಂಗ ಗೊತ್ತಾಯ್ತು, ಮೇಡಂ?’

‘ಮೇಡಂ, ಇದ್ರಲ್ಲಿ ಯಾವ್ದ ಒತ್ತುದ್ರ ನಮ್ಗ ತೊಂದ್ರ ಆಗಲ್ಲ?’

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಸೋಲಿಗರ ಮನೆಯ ಜಗಲಿ ಮೇಲೆ ಕುಳಿತು ನಾನು ಟ್ಯಾಬ್ ಹಿಡಿದಿದ್ದೆ. ಪರದೆಯ ಮೇಲೆ ಐದು ಮುಖಗಳಿದ್ದವು. ಮೊದಲನೆಯದು ಅಳುವ ಮುಖ, ಕೊನೆಯದು ಹಲ್ಲು ಬಿಟ್ಟು ನಗುವ ಮುಖ. ‘ತರಬೇತಿ ನಿಮಗೆ ಎಷ್ಟು ಉಪಯುಕ್ತವಾಯಿತು?’ ಎಂಬುದು ಪ್ರಶ್ನೆ. ಅಕ್ಕನ ಬೆರಳು ಪರದೆಗೆ ತಾಗುವ ಮುನ್ನ ನಿಂತುಬಿಟ್ಟಿತ್ತು. ಅದಕ್ಕೂ ಹಿಂದಿನ ಎರಡು ದಿನ ನಾನು ಮಾತನಾಡಿಸಿದ ಎಲ್ಲರೂ ಒಂದು ಕ್ಷಣವೂ ತಡಮಾಡದೆ ಐದನೇ ಮುಖವನ್ನೇ ಒತ್ತಿದ್ದರು. ತರಬೇತಿ ಎಷ್ಟು ಚೆನ್ನಾಗಿರಬೇಕು ಎಂದುಕೊಂಡು ನಾನೂ ಖುಷಿಯಾಗಿದ್ದೆ. ಈ ಅಕ್ಕ ಬಾಯಿಬಿಟ್ಟು ಕೇಳಿದ ಮೇಲೆ ಗೊತ್ತಾಯಿತು, ಉಳಿದವರೂ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು, ಉತ್ತರವನ್ನೂ ತಾವೇ ಕಂಡುಕೊಂಡಿದ್ದರು ಎಂದು.

ಎಂಎಸ್‌ಡಬ್ಲ್ಯು ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ ನನಗೆ ಸಿಕ್ಕ ಕೆಲಸ ಇದು. ಜೆ.ಪಿ. ನಗರದ ಎರಡನೇ ಹಂತದಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ ಕಚೇರಿ. ರಂಗಶಂಕರಕ್ಕೆ ನಡೆದೇ ಹೋಗಬಹುದು. ಬೆಳಿಗ್ಗೆ ಹತ್ತರವರೆಗೆ ಕಚೇರಿ ತುಂಬ ಸಾಂಬಾರಿನ ವಾಸನೆ. ಆರು ತಿಂಗಳ ಗುತ್ತಿಗೆ, ಹುದ್ದೆಯ ಹೆಸರು ಸಂಶೋಧನಾ ಸಹಾಯಕಿ. ಅಮ್ಮನಿಗೆ ಅದೇನೆಂದು ಬಿಡಿಸಿ ಹೇಳಲು ಸಾಕಾಗಿಹೋಯಿತು. ‘ಬೇರೆಯವರು ಮಾಡಿರೋ ಕೆಲಸ ಸರಿಯಾಗಿದೆಯಾ ಇಲ್ವಾ ಅಂತ ನೋಡಿ ವರದಿ ಬರೆಯೋದಮ್ಮ’ ಅಂದೆ. ‘ಅಂದ್ರೆ ಅತ್ತೆ ಕೆಲಸ’ ಅಂದರು ಅಮ್ಮ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನ್ನ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ನಾವು ಮೌಲ್ಯಮಾಪನ ಮಾಡಬೇಕಿದ್ದ ಯೋಜನೆ ಸರಳವಾಗಿತ್ತು. ಒಂದು ಕಂಪನಿ ತನ್ನ ಸಿಎಸ್‌ಆರ್ ಹಣದಲ್ಲಿ, ಒಂದು ಸಂಸ್ಥೆಯ ಮೂಲಕ, ಕಾಡಂಚಿನ ಪೋಡುಗಳಲ್ಲಿ ಓದು ಬಲ್ಲ ಯುವಕ ಯುವತಿಯರನ್ನು ಕಲಿಕಾ ಸಹಾಯಕರಾಗಿ ನೇಮಿಸಿತ್ತು. ಆಶ್ರಮ ಶಾಲೆಗೆ ಸೇರುವ ಮೊದಲಿನ ಪುಟ್ಟ ಮಕ್ಕಳಿಗೂ, ಶಾಲೆಗೆ ಹೋಗಿ ಬರುವ ಮಕ್ಕಳಿಗೂ ಸಂಜೆ ಹೊತ್ತು ಅಕ್ಷರ, ಲೆಕ್ಕ ಹೇಳಿಕೊಡುವುದು ಅವರ ಕೆಲಸ. ಅವರಿಗೆ ತರಬೇತಿ ಪೂರ್ತಿ ಮೊಬೈಲಿನಲ್ಲಿ. ವಿಡಿಯೊ ನೋಡಬೇಕು, ಕೊನೆಗೆ ಬರುವ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ಎಲ್ಲ ಪಾಠ ಮುಗಿದರೆ ಹೆಸರು ಬರೆದ ಪ್ರಮಾಣಪತ್ರ ಮೊಬೈಲಿಗೇ ಬರುತ್ತದೆ. ಯಾರು ಎಷ್ಟು ಮುಗಿಸಿದರು ಎಂಬುದು ಬೆಂಗಳೂರಿನ ಕಂಪ್ಯೂಟರ್ ಪರದೆಯಲ್ಲಿ ಆಯಾ ದಿನವೇ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದ ದಿನ ಆ ಪರದೆ ಹಸಿರೋ ಹಸಿರು. ಇದರಲ್ಲಿ ಇನ್ನು ನೋಡುವುದು ಏನಿದೆ ಎಂದು ನಮ್ಮ ಸರ್ ಅವರನ್ನು ಕೇಳಿಯೂಬಿಟ್ಟೆ. ‘ಹೋಗಿ ಬಾ, ಆಮೇಲೆ ಹೇಳು’ ಅಂದರು.

ಹೋಗುವ ಮೊದಲು ಅವರು ಓದಿಸಿದ್ದು ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು 1959ರಲ್ಲಿ ಬರೆದ ನಾಲ್ಕು ಮೆಟ್ಟಿಲುಗಳ ವಿಚಾರ. ಈ ಕ್ಷೇತ್ರದಲ್ಲಿ ಕೆಲಸ ಹುಡುಕುವವರು ಇದನ್ನು ಓದಿಕೊಂಡೇ ಹೋಗಿ, ಸಂದರ್ಶನದಲ್ಲಿ ಕೇಳುತ್ತಾರೆ. ಯಾವುದೇ ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬಹುದಂತೆ. ತರಬೇತಿ ಹಿಡಿಸಿತೇ, ಏನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಅದರಿಂದ ಕೊನೆಗೆ ಯಾರಿಗೆ ಏನು ಲಾಭವಾಯಿತು. ಡ್ರೈವಿಂಗ್ ಶಾಲೆಯನ್ನೇ ತೆಗೆದುಕೊಳ್ಳಿ. ಮೇಷ್ಟ್ರು ಚೆನ್ನಾಗಿ ಹೇಳಿಕೊಟ್ಟರು ಅನ್ನುವುದು ಮೊದಲ ಮೆಟ್ಟಿಲು, ಲೈಸೆನ್ಸ್ ಪರೀಕ್ಷೆ ಪಾಸಾಗುವುದು ಎರಡನೆಯದು. ಮೂರನೆಯದನ್ನು ನೋಡಬೇಕಾದರೆ ಸಂಜೆ ಆರೂವರೆಗೆ ಸಾರಕ್ಕಿ ಸಿಗ್ನಲ್ ಹತ್ತಿರ ನಿಲ್ಲಬೇಕು. ನಾಲ್ಕನೆಯದಕ್ಕೆ ಅಪಘಾತಗಳ ಲೆಕ್ಕ ಬೇಕು. ಮೆಟ್ಟಿಲು ಹತ್ತಿದಂತೆಲ್ಲ ಖರ್ಚೂ ಸಮಯವೂ ಹೆಚ್ಚು. ಅದಕ್ಕೇ ಬಹುಪಾಲು ಮೌಲ್ಯಮಾಪನಗಳು ಎರಡನೇ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ಕೂತುಬಿಡುತ್ತವೆ. ನನ್ನ ಟ್ಯಾಬಿನಲ್ಲಿದ್ದ ಮೂವತ್ತು ಚಿಲ್ಲರೆ ಪ್ರಶ್ನೆಗಳಲ್ಲಿ ಮೂರನೇ ಮೆಟ್ಟಿಲಿಗೆ ಸೇರಿದ್ದು ಎರಡೇ ಎರಡು. ಅವನ್ನೂ ಕಲಿಕಾ ಸಹಾಯಕರನ್ನೇ ಕೇಳಬೇಕಿತ್ತು. ‘ಕಲಿತದ್ದನ್ನು ಬಳಸುತ್ತಿದ್ದೀರಾ?’ ಎಂದರೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ ಹೇಳಿ.

ಯಳಂದೂರಿನಿಂದ ಗುಂಬಳ್ಳಿ ದಾಟಿ ಬಸ್ಸು ಬೆಟ್ಟ ಹತ್ತತೊಡಗಿದಂತೆ ಮೊಬೈಲಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಇಳಿದವು. ಜೆ.ಪಿ. ನಗರದಲ್ಲಿ ನಾನು ಬೆಳಿಗ್ಗೆ ವಾಕ್ ಹೋಗುವ ಜಾಗದ ಹೆಸರು ಮಿನಿ ಫಾರೆಸ್ಟ್. ದೊಡ್ಡದು ಹೇಗಿರುತ್ತದೆ ಎಂದು ಇಲ್ಲಿ ನೋಡಿದೆ. 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡಿದು. ಅದಕ್ಕೆಲ್ಲ ಎಷ್ಟೋ ಮೊದಲಿನಿಂದ ಸೋಲಿಗರ ನೆಲೆ. ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ ವರ್ಷವೇ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಇರುವುದೂ ಇದೇ ಬೆಟ್ಟದಲ್ಲಿ. ಹಾಗಾಗಿ ಶಿಕ್ಷಣ ಇಲ್ಲಿಗೆ ಹೊಸದಲ್ಲ. ಹೊಸದು ಎಂದರೆ, ಶಿಕ್ಷಕರಾಗುವವರನ್ನು ಮೊಬೈಲ್ ತಯಾರು ಮಾಡುತ್ತದೆ ಎಂಬ ನಂಬಿಕೆ.

ಮತ್ತೆ ಆ ಜಗಲಿಗೆ ಬರುತ್ತೇನೆ. ಅಕ್ಕನ ಪ್ರಶ್ನೆ ಕೇಳಿ ನಾನು ಟ್ಯಾಬ್ ಆಫ್ ಮಾಡಿ ಚೀಲಕ್ಕೆ ಹಾಕಿದೆ. ಜಾಣತನದಿಂದಲ್ಲ, ಏನು ಮಾಡಬೇಕೆಂದು ತೋಚದೆ. ಅದು ಒಳಗೆ ಹೋದ ಮೇಲೆ ಮಾತು ಹೊರಗೆ ಬಂತು.

ಪಾಠ ಮುಗಿಸದಿದ್ದರೆ ಗೌರವಧನ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಂತೆ. ಪೋಡಿನಲ್ಲಿ ಸಿಗ್ನಲ್ ಇಲ್ಲ. ಮೇಲಿನ ಬಂಡೆ ಹತ್ತಿದರೆ ಸ್ವಲ್ಪ ಸಿಗುತ್ತದೆ, ಆದರೆ ಸಂಜೆಯಾದರೆ ಆ ಕಡೆ ಆನೆ. ಹಾಗಾಗಿ ಸಂತೆಗೆಂದು ಯಳಂದೂರಿಗೆ ಇಳಿದ ದಿನ ಬಸ್ ನಿಲ್ದಾಣದಲ್ಲಿ ಕೂತು ಒಂದೇ ಸಲಕ್ಕೆ ಎಂಟು ಒಂಬತ್ತು ಪಾಠ ಮುಗಿಸಿದ್ದರು. ‘ವಿಡಿಯೋ ಅದ್ರ ಪಾಡ್ಗ ಓಡ್ತಿತ್ತು ಕನಾ. ನಾನು ಬಸ್ ಬತ್ತದಾ ಅಂತ ನೋಡ್ತಿದ್ದಿ.’ ಪ್ರಶ್ನೆಗಳಿಗೆ? ಉತ್ತರ ತಪ್ಪಾದರೆ ಮತ್ತೆ ಒತ್ತಬಹುದಿತ್ತು, ಸರಿಯಾಗುವವರೆಗೆ. ಪಕ್ಕದ ಪೋಡಿನ ಒಬ್ಬ ಹುಡುಗ ಇನ್ನೂ ಚುರುಕು. ನಾಲ್ಕು ಜನರ ಮೊಬೈಲ್ ಒಟ್ಟಿಗೆ ಇಸಿದುಕೊಂಡು ಹೋಗಿ, ನಾಲ್ವರ ತರಬೇತಿಯನ್ನೂ ತಾನೇ ಮುಗಿಸಿಕೊಂಡು ಬರುತ್ತಿದ್ದ. ಬೆಂಗಳೂರಿನ ಪರದೆಯ ಮೇಲೆ ಆ ನಾಲ್ಕೂ ಗೆರೆ ಹಸಿರು.

ಅವರನ್ನು ಮೋಸಗಾರರು ಎನ್ನಲು ನನಗೆ ನಾಲಿಗೆ ಬರಲಿಲ್ಲ. ಕೊರೋನಾ ಕಾಲದಲ್ಲಿ ಕಾಲೇಜಿನ ಆನ್‌ಲೈನ್ ಕ್ಲಾಸಿಗೆ ಲಾಗಿನ್ ಆಗಿ, ಕ್ಯಾಮೆರಾ ಮುಚ್ಚಿ, ನಿದ್ದೆ ಮಾಡಿ ಹಾಜರಿ ಪಡೆದವಳು ನಾನು. ನೀವೂ ಇರಬಹುದು. ದೊಡ್ಡ ಪ್ರಮಾಣದಲ್ಲೂ ತರಬೇತಿ ಈಗ ಇದೇ ದಾರಿ ಹಿಡಿದಿದೆ. 2017ರ ಶಿಕ್ಷಕರ ದಿನದಂದು ‘ದೀಕ್ಷಾ’ ವೇದಿಕೆ ಬಂತು. 2019ರಲ್ಲಿ ಮುಖಾಮುಖಿಯಾಗಿ ಶುರುವಾದ ‘ನಿಷ್ಠಾ’ ತರಬೇತಿ ಮಾರನೇ ವರ್ಷ ಕೊರೋನಾದಿಂದಾಗಿ ಅದೇ ವೇದಿಕೆಗೆ ಹೋಯಿತು, 18 ಕೋರ್ಸುಗಳಾಗಿ. ಲಕ್ಷಾಂತರ ಶಿಕ್ಷಕರನ್ನು ಏಕಕಾಲಕ್ಕೆ ತಲುಪಲು ಬೇರೆ ಉಪಾಯವೂ ಸುಲಭಕ್ಕೆ ಕಾಣುವುದಿಲ್ಲ. ತಲುಪಿದೆ ಎಂಬುದು ಮಾತ್ರ ಪರದೆಗೆ ಗೊತ್ತಾಗುತ್ತದೆ. ಮುಟ್ಟಿತೇ ಎಂಬುದಕ್ಕೆ ಅಲ್ಲಿ ಬಣ್ಣವಿಲ್ಲ.

ಆ ಸಂಜೆ ಅಕ್ಕನ ತರಗತಿಯಲ್ಲಿ ಕುಳಿತೆ. ಮನೆಯ ಮುಂದಿನ ಅಂಗಳ, ಹದಿನಾಲ್ಕು ಮಕ್ಕಳು, ಒಂದು ನಾಯಿ. ಅಕ್ಕ ಬಿದಿರಿನ ಬುಟ್ಟಿ ತಂದು ಸುರಿದರು. ಅಂಟುವಾಳ ಕಾಯಿ. ಮಕ್ಕಳು ಹತ್ತತ್ತರ ಗುಡ್ಡೆ ಮಾಡಿದರು, ಉಳಿದದ್ದನ್ನು ಬೇರೆ ಇಟ್ಟರು. ಬಳಿಕ ಲ್ಯಾಂಪ್ಸ್ ಸೊಸೈಟಿಯ ಆಟ. ಕಾಡಿನ ಕಿರು ಉತ್ಪನ್ನಗಳನ್ನು ಕೊಳ್ಳುವ ಗಿರಿಜನರ ಸಹಕಾರ ಸಂಘ ಅದು, ಅಪ್ಪ ಅಮ್ಮ ಜೇನು, ಸೀಗೆ ತೂಗಿಸುವುದನ್ನು ಆ ಮಕ್ಕಳೆಲ್ಲ ಕಂಡಿದ್ದಾರೆ. ಒಬ್ಬಳು ಮಾರುವವಳು, ಒಬ್ಬ ತೂಗುವವನು. ಒಬ್ಬ ಪುಟ್ಟ ಹುಡುಗ ಎರಡು ಕೆ.ಜಿ.ಗೆ ಹಣ ಹೇಳಿದ. ಸರಿಯಾಗಿತ್ತು. ಅಕ್ಕ ‘ಸರಿ’ ಎನ್ನಲಿಲ್ಲ. ‘ಹೆಂಗ ಗೊತ್ತಾಯ್ತು?’ ಅಂದರು. ಅವನು ತಬ್ಬಿಬ್ಬಾದ. ಪಕ್ಕದ ಹುಡುಗಿಗೆ ನಗು. ಆಮೇಲೆ ಅವನು ಕಾಯಿಗಳನ್ನು ಎರಡು ಗುಡ್ಡೆ ಮಾಡಿ, ತನ್ನ ಸೋಲಿಗ ನುಡಿಯಲ್ಲಿ ವಿವರಿಸಿದ. ಅವನ ಮಾತು ನನಗೆ ಅರ್ಧಂಬರ್ಧ ತಿಳಿಯಿತು. ಲೆಕ್ಕ ಮಾತ್ರ ಪೂರ್ತಿ ತಿಳಿಯಿತು.

ನನಗೆ ರೋಮಾಂಚನ. ಕಂಪನಿಯವರು ವರದಿಯ ಜೊತೆ ಎರಡು ‘ಯಶೋಗಾಥೆ’ಗಳನ್ನು ಫೋಟೊ ಸಮೇತ ಕೇಳಿದ್ದರು. ಒಂದು ಸಿಕ್ಕಿತಲ್ಲ! ‘ಅಕ್ಕ, ಅಂಟುವಾಳದ ಲೆಕ್ಕ ವಿಡಿಯೋದಲ್ಲಿ ಕಲಿತದ್ದಾ?’ ಎಂದು ಪೆನ್ನು ತೆಗೆದೆ.

‘ಅಯ್ಯೋ ಇಲ್ಲ ಕನಾ. ನಮ್ಮಪ್ಪ ನಮ್ಗ ಹಂಗೇ ಹೇಳ್ಕೊಟ್ಟಿದ್ದು.’

ವಿಡಿಯೊದಲ್ಲಿ ತೋರಿಸಿದ್ದು ಮಾಲ್‌ನಲ್ಲಿ ಸೇಬು ಕೊಳ್ಳುವ ಲೆಕ್ಕವಂತೆ. ಹಾಗಾದರೆ ಇಷ್ಟೆಲ್ಲ ಹಣ ಸುರಿದ ತರಬೇತಿಯಿಂದ ಬಂದದ್ದೇನು? ಸ್ವಲ್ಪ ಯೋಚಿಸಿ ಅಕ್ಕನೇ ಹೇಳಿದರು. ಒಂದು ವಿಡಿಯೊ ಮಾತ್ರ ಹೇಗೋ ಮೊಬೈಲಿನಲ್ಲಿ ಉಳಿದುಕೊಂಡಿತ್ತು. ರಾತ್ರಿ ಹೊತ್ತು ಅದನ್ನೇ ನಾಲ್ಕಾರು ಸಲ ನೋಡಿದ್ದರು. ಮಗು ಉತ್ತರ ಹೇಳಿದ ತಕ್ಷಣ ಸರಿ, ತಪ್ಪು ಎನ್ನಬೇಡಿ, ಹೇಗೆ ಗೊತ್ತಾಯಿತು ಎಂದು ಕೇಳಿ, ಎಂದು ಅದರಲ್ಲಿ ಒಬ್ಬ ಟೀಚರ್ ಹೇಳುತ್ತಾರೆ. ‘ಮೊದ್ಲು ನಾನು ತಪ್ಪು ಅಂದ್ಬುಡ್ತಿದ್ದಿ. ಐಕ್ಳು ಬಾಯೇ ಬಿಡ್ತಿರ್ನಿಲ್ಲ. ಈಗ ಮಾತಾಡ್ತವ.’

ಇಡೀ ತರಬೇತಿಯಿಂದ ಆ ಅಂಗಳಕ್ಕೆ ಬಂದಿಳಿದದ್ದು ಆ ಎರಡೇ ಪದ. ಅದು ಕಡಿಮೆಯೇ? ಶಾಲೆಯ ಕನ್ನಡಕ್ಕೆ ಹೆದರಿ ಮಾತೇ ಆಡದ ಮಕ್ಕಳು ಬಾಯಿ ಬಿಡುತ್ತಾರೆ ಎಂದರೆ ನನ್ನ ಲೆಕ್ಕದಲ್ಲಿ ದೊಡ್ಡದೇ. ಆದರೆ ನನ್ನ ಟ್ಯಾಬಿನಲ್ಲಿ ಅದನ್ನು ತುಂಬಿಸಲು ಜಾಗವಿರಲಿಲ್ಲ. ‘ಇತರೆ’ ಎಂಬ ಒಂದು ಖಾನೆ ಇತ್ತು, ಐವತ್ತು ಅಕ್ಷರ ದಾಟಿದರೆ ಕೆಂಪಾಗುತ್ತಿತ್ತು. ಇನ್ನೊಂದು ಕೊರತೆಯೂ ಅಂದೇ ಕಣ್ಣಿಗೆ ಬಿತ್ತು. ತರಬೇತಿಗೆ ಮೊದಲು ಇವರು ಹೇಗೆ ಪಾಠ ಮಾಡುತ್ತಿದ್ದರು ಎಂದು ಯಾರೂ ಬಂದು ನೋಡಿರಲಿಲ್ಲ. ಮೊದಲಿನ ತೂಕ ಬರೆದಿಡದೆ, ಮಗು ಎಷ್ಟು ಬೆಳೆಯಿತು ಎಂದು ಕೇಳಿದರೆ ಏನು ಹೇಳುವುದು? ಅಪ್ಪ ಕಲಿಸಿದ್ದನ್ನು ಕಂಪನಿಯ ಖಾತೆಗೆ ಬರೆಯುವುದು ಎಷ್ಟು ಸುಲಭ ಎಂದು ತಿಳಿದು ಹೆದರಿಕೆಯಾಯಿತು. ನಾನು ಕೇಳದೇ ಹೋಗಿದ್ದರೆ ಬರೆದೇಬಿಡುತ್ತಿದ್ದೆ.

ವಾಪಸು ಬರುವ ದಾರಿಯಲ್ಲಿ ಕೆಳಗಿನ ಊರೊಂದರಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ಸಿಕ್ಕರು. ನನ್ನ ಕಥೆ ಕೇಳಿ ನಕ್ಕರು. ‘ನಮ್ಮ ಜಿಲ್ಲೆಗೆ ಇದು ಹೊಸದೇನಮ್ಮ? ನಮಗೆ ಆಕಾಶದಿಂದಲೇ ಪಾಠ ಬಂದಿತ್ತು’ ಅಂದರು. ನಿಜ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿದಾಗ, ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. 885 ಶಾಲೆಗಳ ಯೋಜನೆ ಅದು. ಮಾಡಿನ ಮೇಲೆ ಡಿಶ್, ಒಳಗೆ ಟೀವಿ. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ಮೇಷ್ಟ್ರ ನೆನಪಿನಲ್ಲಿ ಉಳಿದದ್ದು ಒಂದೇ. ‘ಪಾಠ ಚೆನ್ನಾಗೇ ಇರ್ತಿತ್ತು. ಮಕ್ಕಳು ಪ್ರಶ್ನೆ ಕೇಳಿದರೆ ಟೀವಿ ಉತ್ತರ ಕೊಡ್ತಿರಲಿಲ್ಲ ನೋಡು, ನಾನೇ ಕೊಡಬೇಕಿತ್ತು.’

ಬೆಂಗಳೂರಿಗೆ ಬಂದು ಹಳೆಯ ವರದಿಗಳನ್ನು ಹುಡುಕುತ್ತ ಕೂತೆ. ಆಗ ಸಿಕ್ಕದ್ದು ಎಜುಸ್ಯಾಟ್‌ಗೂ ಹಿಂದಿನ ಕಥೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು ಅದರಲ್ಲಿದ್ದವು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಅದರ ಭಾಗವಾಗಿತ್ತು. ಟೀವಿ ಒಂದನ್ನೇ ನಂಬದೆ ರೇಡಿಯೊ, ಕೈಯಾರೆ ಮಾಡುವ ಚಟುವಟಿಕೆಗಳನ್ನೂ ಜೋಡಿಸಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮೌಲ್ಯಮಾಪನ. ಪ್ರಶ್ನಾವಳಿಗಳ ಸಮೀಕ್ಷೆ ಇದ್ದೇ ಇತ್ತು. ಅದರ ಜೊತೆಗೆ ಮಾನವಶಾಸ್ತ್ರ ಓದಿದ ಯುವಜನರನ್ನು ಕೆಲವು ಹಳ್ಳಿಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ವಾಸಕ್ಕೇ ಕಳಿಸಿದ್ದರು. ಟೀವಿ ಬರುವ ಮೊದಲೇ ಅವರು ಅಲ್ಲಿದ್ದರು, ಬಂದ ಮೇಲೂ ಇದ್ದರು. ಬಿನೋದ್ ಅಗರವಾಲ್ ಎಂಬ ಮಾನವಶಾಸ್ತ್ರಜ್ಞರು ಈ ಅಧ್ಯಯನದ ಹಿಂದಿದ್ದವರು. ಐವತ್ತು ವರ್ಷಗಳ ಹಿಂದೆ ಒಂದು ವರ್ಷ. ನನಗೆ ಕೊಟ್ಟದ್ದು ನಾಲ್ಕು ದಿನ ಮತ್ತು ಒಂದು ಟ್ಯಾಬ್.

ನಮ್ಮ ಸರ್ ಇನ್ನೊಂದು ಉದಾಹರಣೆ ಕೊಟ್ಟರು, ಆಸ್ಟ್ರೇಲಿಯಾದ್ದು. ಅಲ್ಲಿ ಮೂಲನಿವಾಸಿ ಮಕ್ಕಳ ಶಾಲೆಗಳಲ್ಲಿ ಅದೇ ಸಮುದಾಯದ ಶಿಕ್ಷಣ ಕಾರ್ಯಕರ್ತರು ಇರುತ್ತಾರೆ. ಶಿಕ್ಷಕರಿಗೂ ಮಕ್ಕಳಿಗೂ ಮನೆಗೂ ನಡುವಿನ ಕೊಂಡಿ ಅವರು, ನಮ್ಮ ಅಕ್ಕನ ಹಾಗೆಯೇ. ಅಂಥವರು ಊರು ಬಿಡದೆ ಪೂರ್ಣ ಪ್ರಮಾಣದ ಶಿಕ್ಷಕರಾಗಲಿ ಎಂದು ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1990ರಲ್ಲೇ ‘ರೇಟೆಪ್’ ಎಂಬ ಕಾರ್ಯಕ್ರಮ ಶುರುವಾಯಿತು, ಜೇಮ್ಸ್ ಕುಕ್ ವಿಶ್ವವಿದ್ಯಾಲಯವೂ ಅದರಲ್ಲಿತ್ತು. ಇಂಟರ್ನೆಟ್ ಮನೆಮಾತಾಗುವ ಮೊದಲೇ ಕಂಪ್ಯೂಟರಿನಲ್ಲಿ ಪಾಠಗಳನ್ನು ದೂರದೂರದ ಸಮುದಾಯಗಳಿಗೆ ಒಯ್ದಿದ್ದರು. ಆದರೆ ಯಂತ್ರವನ್ನಷ್ಟೇ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಪ್ರತಿ ಕೇಂದ್ರದಲ್ಲೂ ಕಲಿಯುವವರು ಗುಂಪಾಗಿ ಕೂರುತ್ತಿದ್ದರು, ಜೊತೆಗೆ ಒಬ್ಬ ಶಿಕ್ಷಕ ಸಂಯೋಜಕರು ಇರುತ್ತಿದ್ದರು. ಅರ್ಥವಾಗದ್ದನ್ನು ಕೇಳಲು ಒಬ್ಬ ಮನುಷ್ಯ, ಅಷ್ಟೇ.

ದೂರ ಹೋಗಬೇಕಿಲ್ಲ. ರಾಜ್ಯದ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಇರುವುದು ನಮ್ಮ ಪಕ್ಕದ ಬನಶಂಕರಿ ಮೂರನೇ ಹಂತದಲ್ಲಿ. ಜಯನಗರದ ‘ಐಟಿ ಫಾರ್ ಚೇಂಜ್’ ಸಂಸ್ಥೆ ಆ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರ ವಿಷಯ ವೇದಿಕೆ ಕಟ್ಟಿತ್ತು. ಅಲ್ಲಿ ಶಿಕ್ಷಕರು ಬರೀ ನೋಡುಗರಲ್ಲ, ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು, ಪಾಠ ಸಾಮಗ್ರಿಯನ್ನು ಕನ್ನಡದಲ್ಲಿ ತಾವೇ ಬರೆದು ಹಂಚಿಕೊಳ್ಳುವವರು. ಅಂಟುವಾಳದ ಲೆಕ್ಕವನ್ನು ಅಕ್ಕನೇ ಮೊಬೈಲಿನಲ್ಲಿ ಚಿತ್ರೀಕರಿಸಿ ಉಳಿದ ಪೋಡುಗಳಿಗೆ ಕಳಿಸಿದ್ದರೆ? ಇಡೀ ಯೋಜನೆಯಲ್ಲಿ ಮೊಬೈಲ್ ಅವರಿಗೆ ಹೇಳುತ್ತಲೇ ಇತ್ತು. ಒಮ್ಮೆಯೂ ಕೇಳಲಿಲ್ಲ.

ಇಷ್ಟನ್ನೂ ವರದಿಯಲ್ಲಿ ಬರೆದೆ. ಪಾಠಗಳ ಸಂಖ್ಯೆ ಇಳಿಸಿ, ಇಂಟರ್ನೆಟ್ ಇಲ್ಲದೆಯೂ ನೋಡುವಂತೆ ಮೆಮೊರಿ ಕಾರ್ಡಿನಲ್ಲಿ ಕೊಡಿ. ಐದಾರು ಪೋಡುಗಳಿಗೆ ಒಬ್ಬರಂತೆ ಮೇಲ್ವಿಚಾರಕರಲ್ಲದ ಒಬ್ಬ ಜೊತೆಗಾರರನ್ನು ನೇಮಿಸಿ, ತಿಂಗಳಿಗೊಮ್ಮೆ ಎಲ್ಲರೂ ಕೂಡಲಿ. ಗೌರವಧನಕ್ಕೂ ಹಸಿರು ಗೆರೆಗೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅಕ್ಕನ ಪೋಡಿನ ಹೆಸರು, ಹುಡುಗನ ಮೊಬೈಲ್ ಕಥೆಯ ಊರು ಬಿಟ್ಟುಬಿಟ್ಟೆ. ‘ಯಾವ್ದ ಒತ್ತುದ್ರ ತೊಂದ್ರ ಆಗಲ್ಲ’ ಎಂದು ಕೇಳಿದವರಿಗೆ ನಾನು ಕೊಡಬಹುದಾದ ಉತ್ತರ ಅದೊಂದೇ ಆಗಿತ್ತು.

ಸರ್ ಕರಡು ಓದಿದರು. ‘ಚೆನ್ನಾಗಿದೆ. ಆದರೆ ಅವರು ಕೇಳಿರೋದು ಪರ್ಸೆಂಟೇಜು’ ಅಂದರು. ಅವರಿಗೂ ಬಾಡಿಗೆ ಕಟ್ಟಬೇಕು, ನನಗೂ ಪಿ.ಜಿ. ಬಾಡಿಗೆ ಕಟ್ಟಬೇಕು. ವಾದ ಮಾಡಿದೆವು. ಒಂದು ಮಧ್ಯಾಹ್ನ ಪೂರ್ತಿ, ಕೆಳಗಿನಿಂದ ಎರಡು ಸಲ ಬೈಟು ಕಾಫಿ ತರಿಸಿಕೊಂಡು. ಕೊನೆಗೆ ಆದ ಒಪ್ಪಂದ ಹೀಗಿತ್ತು: ಐದು ಮುಖಗಳ ಶೇಕಡಾವಾರು ಮುಂದೆ ಇರುತ್ತದೆ, ಅದರ ಕೆಳಗೇ ‘ಈ ಉತ್ತರಗಳನ್ನು ನೆಚ್ಚಲಾಗದು’ ಎಂಬ ಸಾಲು ಮತ್ತು ಕಾರಣ ಇರುತ್ತದೆ. ಯಶೋಗಾಥೆ ಇರುವುದಿಲ್ಲ. ನನ್ನ ಅಂಗಳದ ಟಿಪ್ಪಣಿ ಅನುಬಂಧಕ್ಕೆ. ಅನುಬಂಧವನ್ನು ಯಾರು ಓದುತ್ತಾರೆ ಎಂದು ನಾನು ಸಿಟ್ಟಾದೆ. ‘ನಾನು ಓದಿದ್ದೇನಲ್ಲ’ ಅಂದರು ಸರ್.

ವರದಿ ಕಳಿಸಿದ ಕೆಲವು ದಿನಗಳ ಮೇಲೆ ಅಕ್ಕ ಫೋನ್ ಮಾಡಿದರು, ಯಳಂದೂರಿನಿಂದಲೇ ಇರಬೇಕು, ಹಿಂದೆ ಬಸ್ಸುಗಳ ಸದ್ದು. ‘ನಮ್ ಮಾರ್ಕ್ಸು ಎಷ್ಟ್ ಬಂತು ಮೇಡಂ?’ ಎಂದು ಕೇಳಿದರು. ನಾನು ಅಳೆಯಲು ಬಂದದ್ದು ತರಬೇತಿಯನ್ನು, ನಿಮ್ಮನ್ನಲ್ಲ ಎಂದು ಜಗಲಿ ಮೇಲೆ ಹೇಳಿದ್ದೆ. ನಂಬಿರಲಿಲ್ಲ ಎಂದಾಯಿತು. ‘ನೀವು ತುಂಬಾ ಚೆನ್ನಾಗಿ ಪಾಠ ಮಾಡ್ತೀರಿ ಅಂತ ಬರೆದಿದ್ದೀನಿ ಅಕ್ಕ’ ಅಂದೆ.

‘ಒಂದ್ ಸಂಜ ನೋಡಿದ್ರಿ. ಹೆಂಗ ಗೊತ್ತಾಯ್ತು, ಮೇಡಂ?’ ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಆರು ತಿಂಗಳು ಮುಗಿದಿದೆ. ಮುಂದಿನ ಯೋಜನೆ ಬಂದರೆ ಕರೆಯುತ್ತೇವೆ ಎಂದಿದ್ದಾರೆ. ಕಳೆದ ವಾರ ಬೇರೊಂದು ಸಂಸ್ಥೆಯ ಸಂದರ್ಶನದಲ್ಲಿ ಕಿರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಮೆಟ್ಟಿಲು ಹೇಳಿ ಎಂದರು. ಹೇಳಿದೆ. ಎರಡನೆಯದಕ್ಕಿಂತ ಮೇಲೆ ಹತ್ತಿದ್ದೀರಾ ಎಂದು ಕೇಳಿದರು. ಮೂರನೆಯದರ ಮೇಲೆ ಒಂದು ಸಂಜೆ ಕೂತಿದ್ದೆ ಎಂದು ಅಂಟುವಾಳದ ಕಥೆ ಶುರುಮಾಡಿದೆ. ಹದಿನೈದು ನಿಮಿಷದ ಸಂದರ್ಶನ ಮುಕ್ಕಾಲು ಗಂಟೆಯಾಯಿತು. ಫಲಿತಾಂಶ ಇನ್ನೂ ಬಂದಿಲ್ಲ.